ಅಜ್ಜಿ ಮನೆ ಅಟ್ಟದ ಪಿಂಗಾಣಿ, ಭರಣಿ: ವಯಸ್ಸು ಪತ್ತೆ ಮಾಡೋದು ಹೇಗೆ?

ವರದಾ_ತೀರ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮೂರು ಸಾಗರ ತಾಲೂಕಿನ ಒಂದು ಹಳ್ಳಿ. ನಾನು ಈಗ ಬೆಂಗಳೂರಲ್ಲಿದ್ದೇನೆ. ಅಜ್ಜಿ ಹೋದ ಮೇಲೆ ಹಳೇ ಮನೆಯ ಹಿಂಭಾಗ ಬಿಚ್ಚಿಸಿ ಹೊಸದು ಕಟ್ಟಿಸೋದು ಅಂತ ತೀರ್ಮಾನವಾಗಿದೆ. ಅಟ್ಟ ಖಾಲಿ ಮಾಡುವಾಗ ಅಡಿಕೆ ಚೀಲಗಳ ಹಿಂದೆ ಮರದ ಪೆಟ್ಟಿಗೆ ಸಿಕ್ಕವು, ಒಳಗೆ ಒಣಹುಲ್ಲು ತುಂಬಿ ಇಟ್ಟ ಪಿಂಗಾಣಿ ಸಾಮಾನು. ಭರಣಿಗಳಂತೂ ಮೊದಲಿಂದ ಅಡುಗೆಮನೆಯಲ್ಲೇ ಇದ್ದವು.

ಏನೇನಿದೆ ಅಂತ ಹೇಳ್ತೇನೆ. ಮೇಲೆ ಕಂದು, ಕೆಳಗೆ ಕೆನೆ ಬಣ್ಣದ ಎರಡು ದೊಡ್ಡ ಉಪ್ಪಿನಕಾಯಿ ಭರಣಿ. ಒಂದರ ಭುಜದ ಮೇಲೆ 4 ಅಂತ ಒತ್ತಿದ್ದಾರೆ. ಪೂರ್ತಿ ಕಡುಕಂದು ಬಣ್ಣದ ಇನ್ನೊಂದು ಜಾಡಿ, ಅದಕ್ಕೆ ಕತ್ತಿನ ಸುತ್ತ ನಾಲ್ಕು ಸಣ್ಣ ಕಿವಿಗಳಿವೆ, ಅಜ್ಜಿ ಅದರಲ್ಲಿ ಜೋನಿಬೆಲ್ಲ ಇಡ್ತಿದ್ದರು. ನೀಲಿ ಚಿತ್ರದ ತಟ್ಟೆಗಳು: ಸೇತುವೆ, ಅದರ ಮೇಲೆ ಮೂರು ಜನ, ಒಂದು ಮರ, ಮೇಲ್ಗಡೆ ಎರಡು ಹಕ್ಕಿ. ಹಿಂದೆ ಬರೀ "ಇಂಗ್ಲೆಂಡ್" ಅಂತ ಇದೆ. ಅದರಲ್ಲಿ ದೊಡ್ಡ ತಟ್ಟೆ ಯಾವಾಗಲೋ ಎರಡು ಹೋಳಾಗಿದ್ದಿರಬೇಕು, ಹಿಂಭಾಗದಲ್ಲಿ ಸ್ಟೇಪಲ್ ಪಿನ್ನಿನ ಹಾಗೆ ಲೋಹದ ಕೊಂಡಿ ಹಾಕಿ ಜೋಡಿಸಿದ್ದಾರೆ. ಚಿನ್ನದ ಅಂಚಿನ ಚಹಾ ಕಪ್ಪು ಸಾಸರುಗಳು, ಅಡಿಯಲ್ಲಿ ಎಲೆಯ ಹಾರ, ಹಾರದ ನಡುವೆ "ಎಂ" ಅಕ್ಷರ, ನೊರಿಟಾಕೆ, ಮೇಡ್ ಇನ್ ಜಪಾನ್. ದಪ್ಪನೆಯ ಬಿಳಿ ತಟ್ಟೆಯೊಂದರ ಅಂಚಲ್ಲಿ "ಎಂ. ಆಂಡ್ ಎಸ್. ಎಂ. ರೈಲ್ವೆ" ಅಂತಿದೆ, ಅದು ನಮ್ಮ ಮನೆಗೆ ಹೇಗೆ ಬಂತೋ! ಕೊನೆಯದು ಒಂದು ನೀಲಿ-ಬಿಳಿ ಬಟ್ಟಲು, ತಳದಲ್ಲಿ ಚೀನೀ ಅಕ್ಷರಗಳು, ಮೂರು ಮೂರರ ಎರಡು ಸಾಲು.

ಹಳೇ ಸಾಮಾನು ಕೊಳ್ಳುವವರೊಬ್ಬರು ಬಂದು ಎಲ್ಲ ಸೇರಿ ನಾಲ್ಕು ಸಾವಿರ ಕೊಡ್ತೇನೆ ಅಂದಿದ್ದಾರೆ. ದೊಡ್ಡಪ್ಪನಿಗೆ ಕೊಟ್ಟು ಮುಗಿಸಿದರೆ ಸಾಕು ಅನ್ನಿಸಿದೆ. ಚಿಕ್ಕಪ್ಪ ಬಟ್ಟಲು ಮಿಂಗ್ ರಾಜರ ಕಾಲದ್ದು ಅಂತ ಹೇಳಿ ಅದನ್ನು ನ್ಯೂಜೆರ್ಸಿಯ ಮಗಳ ಮನೆಗೆ ಒಯ್ಯುವ ಯೋಚನೆಯಲ್ಲಿದ್ದಾರೆ. ನನಗೆ ಇವನ್ನೆಲ್ಲ ಇಟ್ಟುಕೊಳ್ಳುವ ಆಸೆ. ಇವುಗಳ ವಯಸ್ಸು ಹೇಗೆ ತಿಳಿಯೋದು? ಭರಣಿಯಲ್ಲಿ ಮತ್ತೆ ಅಪ್ಪೆಮಿಡಿ ಹಾಕಬಹುದಾ? ಧೂಳು, ಕಲೆ ತೆಗೆಯೋದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಿ.

ಕಡಲ_ಕರೆ ಉತ್ತರಿಸಿದ್ದು

ಭರಣಿ ವಿಷಯ ಮಾತ್ರ ನಾನು ಹೇಳ್ತೇನೆ. ನಮ್ಮ ಮಂಗಳೂರು ಮನೆಯಲ್ಲಿ ಇವತ್ತಿಗೂ ಮಿಡಿ ಉಪ್ಪಿನಲ್ಲಿ ಹಾಕುವುದು ಅತ್ತೆಯವರ ಕಾಲದ ಭರಣಿಯಲ್ಲೇ.

ಮೊದಲು ಭರಣಿ ತೊಳೆದು ಬಿಸಿಲಿಗೆ ಚೆನ್ನಾಗಿ ಒಣಗಿಸಿ. ಆಮೇಲೆ ಬಾಯಿವರೆಗೆ ನೀರು ತುಂಬಿ, ಹೊರಗಡೆ ಬಟ್ಟೆಯಲ್ಲಿ ಒರೆಸಿ, ನ್ಯೂಸ್‌ಪೇಪರ್ ಮೇಲೆ ರಾತ್ರಿಯಿಡೀ ಇಡಿ. ಬೆಳಗ್ಗೆ ಪೇಪರು ಒದ್ದೆಯಾಗಿದ್ದರೆ ಅಥವಾ ಭರಣಿಯ ಮೈಮೇಲೆ ಬೆವರಿದ ಹಾಗೆ ಕಂಡರೆ ಕೂದಲೆಳೆಯಷ್ಟು ಬಿರುಕು ಉಂಟು ಅಂತ ಅರ್ಥ. ಅದಕ್ಕೆ ಉಪ್ಪಿನಕಾಯಿ ಬೇಡ. ಹೊರಮೈಯಲ್ಲಿ ಬಿಳಿ ಹುಡಿ ಏಳ್ತಾ ಇದ್ದರೂ ಅಷ್ಟೆ. ಒಳಗಿನ ಉಪ್ಪುನೀರು ಮಣ್ಣಿನೊಳಗೆ ಇಳಿದು ಹೊರಗೆ ಬಂದು ಹರಳಾಗುವುದು ಅದು, ಆ ಹರಳು ಬೆಳೆದ ಹಾಗೆ ಮೇಲಿನ ಹೊಳಪು ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಇನ್ನೊಂದು ಪರೀಕ್ಷೆ ಉಂಟು. ಭರಣಿ ಮಗುಚಿ ಹಾಕಿ, ಅಡಿಯಲ್ಲಿ ಹೊಳಪು ಬಳಿಯದೆ ಬಿಟ್ಟ ಜಾಗಕ್ಕೆ ಒಂದು ಹನಿ ನೀರು ಬಿಡಿ. ಹನಿ ಹಾಗೇ ಕೂತರೆ ಒಳ್ಳೇ ಬೆಂಕಿಯಲ್ಲಿ ಗಟ್ಟಿಯಾಗಿ ಬೆಂದದ್ದು. ಸರ್ರನೆ ಹೀರಿದರೆ ಕಡಿಮೆ ಬೆಂಕಿಯಲ್ಲಿ ಸುಟ್ಟ ಮಣ್ಣು. ಹಳೇ ಕಾಲದಲ್ಲಿ ಅಂಥ ಮೆತ್ತಗಿನ ಮಣ್ಣಿನ ಪಾತ್ರೆಗೆ ಹೊಳಪು ಬರಿಸಲು ಸೀಸ ಸೇರಿಸುವುದು ತುಂಬ ಇತ್ತು. ಉಪ್ಪಿನಕಾಯಿಯ ಹುಳಿ ಆ ಸೀಸವನ್ನು ಬಿಡಿಸಿಕೊಳ್ಳುತ್ತದೆ, ರುಚಿಯಲ್ಲಿ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದರಲ್ಲಿ ಸದರ ಬೇಡವೇ ಬೇಡ ಮಾರಾಯ್ರೆ. ಬಣ್ಣ ಬಣ್ಣದ ಹೂ ಬಿಡಿಸಿದ ಹಳೇ ಬಟ್ಟಲಲ್ಲಿ ಲಿಂಬೆ, ಹುಣಿಸೆ ಏನನ್ನೂ ಇಡಬೇಡಿ, ಅದು ನೋಡಲಿಕ್ಕೆ ಮಾತ್ರ.

ಗದಗ_ರೋಡ್ ಉತ್ತರಿಸಿದ್ದು

ತಂಗಿ, ಮೊದಲ ಆ ನಾಲ್ಕು ಸಾವಿರದ ಮಾತು ನಿಲ್ಲಸ್ರಿ. ಅವರಿಗೆ ಒಂದು ಮುಚ್ಚಳಾನೂ ಕೊಡಬ್ಯಾಡ್ರಿ. ಭಾರೀ ಬೆಲೆ ಬಾಳತಾವ ಅಂತ ನಾ ಹೇಳವಲ್ಲೆ. ಆದರ ಈ ಸಾಮಾನು ಒಂದು ಮನಿಯಿಂದ ಒಟ್ಟಿಗೆ ಬಂದದ್ದು ಅನ್ನೋದ ಇದರ ದೊಡ್ಡ ಗುಣ. ಗುಜರಿಗೆ ಹೋತಂದ್ರ ತಾಟೊಂದು ಕಡೆ, ಕಪ್ಪೊಂದು ಕಡೆ. ಆಮ್ಯಾಲೆ ಅದು ಯಾರ ಮನೀದು, ಹೆಂಗ ಬಂತು ಅಂತ ಹೇಳವರು ಯಾರೂ ಉಳಿಯೂದಿಲ್ಲ.

ನಾ ಹುಬ್ಬಳ್ಳಿಯಂವ. ನಮ್ಮಪ್ಪ ರೈಲ್ವೆ ವರ್ಕ್‌ಶಾಪಿನ್ಯಾಗ ಫಿಟರ್ ಇದ್ದರು. ನಾ ಭಾಳ ವರ್ಷದಿಂದ ಹಳೇ ಪಿಂಗಾಣಿ ಕೂಡಸ್ತೀನಿ. ಅರಮನಿ ಮಾಲು ಅಲ್ಲ. ನಮ್ಮ ಮಂದಿ ಉಂಡ ತಾಟು, ಚಾ ಕುಡದ ಕಪ್ಪು-ಬಸಿ, ಉಪ್ಪಿನಕಾಯಿ ಹಾಕಿದ ಭರಣಿ. ಅದಕ್ಕ ನಿಮ್ಮ ಪಟ್ಟಿ ಓದಿ ನನಗ ರಾತ್ರಿ ನಿದ್ದಿ ಬರಲಿಲ್ಲ.

ಪಿಂಗಾಣಿ ಕೈಗೆ ಬಂದ ಕೂಡಲೆ ಎಲ್ಲಾರೂ ಮ್ಯಾಲಿನ ಚಿತ್ರ ನೋಡ್ತಾರ. ನೀವು ತಿರುವಿ ತಳ ನೋಡ್ರಿ. ವಯಸ್ಸು ಹೇಳೋದು ತಳ.

ನಿಮ್ಮ ರೈಲ್ವೆ ತಾಟಿನಿಂದ ಸುರು ಮಾಡೋಣ, ಅದು ನನ್ನ ಮನಸಿಗೆ ಹತ್ರದ್ದು. ಎಂ. ಆಂಡ್ ಎಸ್. ಎಂ. ಅಂದ್ರ ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆ. ಆ ಕಂಪನಿ ಹುಟ್ಟಿದ್ದು 1908ರಾಗ, ಮದ್ರಾಸ್ ರೈಲ್ವೆದ ಒಂದು ಭಾಗಾನ ಸದರ್ನ್ ಮರಾಠಾದ ಜೋಡಿ ಕೂಡಿಸಿದಾಗ. 1951ರ ಏಪ್ರಿಲ್ 14ಕ್ಕ ಅದು ದಕ್ಷಿಣ ರೈಲ್ವೆಯೊಳಗ ಸೇರಿ ಹೆಸರು ಮುಗೀತು. ಅಂದಮ್ಯಾಲೆ ನಿಮ್ಮ ತಾಟು ಈ ಎರಡು ಇಸವಿ ನಡುವಿಂದ. ಯಾವ ಪಂಡಿತರನ್ನೂ ಕೇಳೋದು ಬ್ಯಾಡ, ತಾಟ ತಾನ ಹೇಳ್ತದ. ಅಷ್ಟು ದಪ್ಪ ಯಾಕಂದ್ರ ಸ್ಟೇಷನ್ನಿನ ಊಟದ ಕೋಣ್ಯಾಗ ದಿನಾ ನೂರಾರು ಮಂದಿ ಕೈಯಾಗ ತಾಳಬೇಕಿತ್ತು. ತಿರುವಿ ನೋಡಿದ್ರ ತಯಾರಿಸಿದ ಕಾರ್ಖಾನೆ ಮುದ್ರೆ ಇರಬಹುದು. ಇಂಗ್ಲೆಂಡಿಂದೋ, ನಮ್ಮ ದೇಶದ್ದೋ ಅಂತ ನನಗ ಬರದು ತಿಳಸ್ರಿ. ಕಲಕತ್ತಾದ ಬೆಂಗಾಲ್ ಪಾಟರೀಸ್, ಗ್ವಾಲಿಯರ್ ಪಾಟರೀಸ್ ಇವರ ಮುದ್ರೆ ಇದ್ದ ಸಾಮಾನು ಮಂದಿ ಇನ್ನೂ ಕಸದಂಗ ಕಾಣ್ತಾರ. ಇಂಗ್ಲಿಷ್ ಹೆಸರಿಗೆ ಕೊಡೋ ಮರ್ಯಾದಿ ನಮ್ಮ ಕಾರ್ಖಾನೆ ಹೆಸರಿಗೆ ಇಲ್ಲ ಅನ್ನೋದು ನನಗ ಭಾಳ ಸಂಕಟದ ಮಾತು.

ಜಪಾನಿ ಕಪ್ಪು-ಬಸಿ ಹಂಗ. ನೊರಿಟಾಕೆ ಅನ್ನೋದು ಆಗ ನಗೋಯಾ ಹತ್ರದ ಊರು, ಅಲ್ಲೆ 1904ರಾಗ ಕಾರ್ಖಾನೆ ಸುರು ಆತು. ಹಾರದೊಳಗಿನ "ಎಂ" ಅಂದ್ರ ಕಟ್ಟಿದ ಮೊರಿಮುರಾ ಮನೆತನ. 1953ರಾಗ ಆ "ಎಂ" ತಗದು "ಎನ್" ಹಾಕಿದರು. ಅಂದ್ರ ನಿಮ್ಮವು ಅದಕ್ಕಿಂತ ಮೊದಲಿನವು. ಇನ್ನ "ನಿಪ್ಪಾನ್" ಅಂತ ಇರದ "ಜಪಾನ್" ಅಂತ ಇರೋದು ಯಾಕ? ಅಮೆರಿಕಾದವರು 1890ರ ಸುಂಕದ ಕಾಯ್ದೆದಾಗ ಬರೋ ಮಾಲಿನ ಮ್ಯಾಲೆ ದೇಶದ ಹೆಸರು ಕಡ್ಡಾಯ ಮಾಡಿದರು. ಜಪಾನಿಗಳು ನಿಪ್ಪಾನ್ ಅಂತ ಬರಕೊಂಡು ಬಂದರು. 1921ರಾಗ ಅಮೆರಿಕಾ ಸುಂಕದವರು ಅದು ನಡಿಯೂದಿಲ್ಲ, ಜಪಾನ್ ಅಂತ ಬರೀರಿ ಅಂದರು. ಆ ನಿಯಮ ಅಮೆರಿಕಾಕ್ಕ ಹೋಗೋ ಮಾಲಿಂದು, ಖರೆ. ಆದರ ಬ್ಯಾರೆ ಕಡೆ ಹೋಗೋ ಮಾಲಿಗೂ ಅದರ ನೆರಳು ಬಿತ್ತು. ಯುದ್ಧ ಮುಗದ ಮ್ಯಾಲೆ ಜಪಾನ್ ಅಮೆರಿಕಾದ ಕೈಯಾಗ ಇದ್ದಾಗ ಭಾಳ ಮಾಲಿನ ಮ್ಯಾಲೆ "ಆಕ್ಯುಪೈಡ್ ಜಪಾನ್" ಅಂತ ಬರೀತಿದ್ದರು, 1952ಕ್ಕ ಅದು ನಿಂತಿತು. ನೊರಿಟಾಕೆಯವರಂತೂ ಯುದ್ಧ ಮುಗದ ಹೊಸದರಾಗ ತಮ್ಮ ಮಾಲು ಮೊದಲಿನ ಮಟ್ಟಕ್ಕ ಇಲ್ಲ ಅಂತ ತಮ್ಮ ಹೆಸರ ಹಾಕಲಿಲ್ಲ, "ರೋಸ್ ಚೈನಾ" ಅಂತ ಗುಲಾಬಿ ಮುದ್ರೆ ಒತ್ತಿದರು. ಹೊಟ್ಟಿಗಿಲ್ಲದ ಕಾಲದಾಗ ಇಷ್ಟು ಮರ್ಯಾದಿ ಉಳಿಸಿಕೊಂಡ ಕುಶಲಕರ್ಮಿಗಳ ಬಗ್ಗೆ ನನಗ ಯಾವಾಗಲೂ ಗೌರವ. ಇದನ್ನೆಲ್ಲಾ ಕೂಡಿಸಿ ನೋಡಿದ್ರ ನಿಮ್ಮ ಕಪ್ಪುಗಳು 1920ರಿಂದ ಯುದ್ಧದ ಸುರುವಾತಿನ ತನಕ ಅನ್ನೋ ಅಂದಾಜು. ಚಿನ್ನದ ಅಂಚಿಗೆ ತೆಂಗಿನ ನಾರು, ಬೂದಿ, ಸ್ಕ್ರಬರ್ ಏನೂ ಮುಟ್ಟಸಬ್ಯಾಡ್ರಿ. ಮೈಕ್ರೋವೇವಿನ್ಯಾಗಂತೂ ಇಡಲೇಬ್ಯಾಡ್ರಿ.

ಭರಣಿ. ಮ್ಯಾಲೆ ಕಂದು, ಕೆಳಗ ಕೆನಿ ಬಣ್ಣ ಅಂದ್ರಿ. ಈ ರೂಪ ಇಂಗ್ಲೆಂಡಿನ ಬ್ರಿಸ್ಟಲ್ ಊರಿಂದು. ಅದಕ್ಕ ಮೊದಲ ಇಂಥ ಗಟ್ಟಿ ಜಾಡಿಗೆ ಉಪ್ಪಿನ ಹೊಳಪು ಕೊಡ್ತಿದ್ದರು: ಭಟ್ಟಿ ಕೆಂಡದಂಗ ಕಾದಾಗ ಒಳಗ ಉಪ್ಪು ಒಗೀತಿದ್ದರು, ಅದು ಆವಿ ಆಗಿ ಮಣ್ಣಿನ ಮರಳಿನ ಅಂಶಕ್ಕ ಕೂಡಿ ಗಾಜಿನ ಪದರ ಆಗ್ತಿತ್ತು. ಅಂಥ ಜಾಡಿ ಮುಟ್ಟಿದ್ರ ಕಿತ್ತಳಿ ಸಿಪ್ಪಿ ಮುಟ್ಟಿದಂಗ ಸಣ್ಣ ಸಣ್ಣ ತಗ್ಗು ಸಿಗತಾವ. 1835ರ ಹೊತ್ತಿಗೆ ಬ್ರಿಸ್ಟಲ್ಲಿನ ವಿಲಿಯಂ ಪವೆಲ್ ಅನ್ನವರು ಸತುವಿನ ಭಸ್ಮ ಕೂಡಿಸಿದ ಹೊಸ ಹೊಳಪು ತಂದರು. ನುಣುಪು, ತೊಳಿಯಾಕ ಹಗುರು, ಸೀಸ ಇಲ್ಲ. ಅದ್ದಿ ತಗದ್ರ ಮುಗೀತು, ಮ್ಯಾಲಿನ ಅರ್ಧ ಬ್ಯಾರೆ ಬಣ್ಣದಾಗ ಅದ್ದಬಹುದು. ಬಿಯರ್, ಉಪ್ಪಿನಕಾಯಿ, ಆಸಿಡ್ ಎಲ್ಲಾದಕ್ಕೂ ಇದ ಜಾಡಿ ಆತು. ನಮ್ಮ ದೇಶದೊಳಗೂ ಅದ ಮಾದರಿ ಹಿಡದು ಮಾಡಿದರು, ಉತ್ತರದಾಗ ಚುನಾರ್, ಖುರ್ಜಾ ಕಡೆ ಇವತ್ತಿಗೂ ಮಾಡ್ತಾರ. ಭುಜದ ಮ್ಯಾಲಿನ 4 ಅಂದ್ರ ಗ್ಯಾಲನ್ ಇರಬಹುದು. ನೀರು ತುಂಬಿ ಅಳೀರಿ: ಒಂದು ಗ್ಯಾಲನ್ನಿಗೆ ನಾಲ್ಕೂವರಿ ಲೀಟರ್ ಲೆಕ್ಕ, ಹದಿನೆಂಟು ಲೀಟರ್ ಸುಮಾರು ಹಿಡಿದ್ರ ಗ್ಯಾಲನ್ನ ಖರೆ. ನಮ್ಮಲ್ಲೆ ಮೆಟ್ರಿಕ್ ಕಾಯ್ದೆ ಬಂದದ್ದು 1956ರಾಗ, 60ರ ದಶಕದ ಸುರುವಿನ್ಯಾಗ ಲೀಟರ್ ಕಡ್ಡಾಯ ಆತು. ಗ್ಯಾಲನ್ ಅಂಕಿ ಇದ್ದ ಭರಣಿ ಹೆಚ್ಚಾಗಿ ಅದರ ಹಿಂದಿಂದು.

ಕಿವಿ ಇದ್ದ ಕಡುಕಂದು ಜಾಡಿ ನನಗ ಎಲ್ಲಾಕಿಂತ ಕುತೂಹಲ. ಆ ಕಿವಿಗೆ ಹಗ್ಗ ಹಾಯಿಸಿ ಬಾಯಿಗೆ ಮುಚ್ಚಿದ ಬಟ್ಟಿ, ಚರ್ಮ ಬಿಗೀತಿದ್ದರು. ಬರ್ಮಾದ ಮಾರ್ತಬಾನ್ ಬಂದರದಿಂದ ಹಡಗಿನ್ಯಾಗ ಇಂಥವು ನೂರಾರು ವರ್ಷ ಬಂದಾವ. ಅದಕ್ಕ ಮಾರ್ತಬಾನ್ ಜಾಡಿ ಅಂತಾರ. ಮಾಡಿದ್ದು ಬರ್ಮಾದಾಗ ಅಷ್ಟ ಅಲ್ಲ, ಸಯಾಮ್ (ಈಗಿನ ಥಾಯ್ಲೆಂಡ್), ದಕ್ಷಿಣ ಚೀನಾ ಕಡೆಯೂ ಮಾಡ್ತಿದ್ದರು. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಗ ಪೂರ್ವದ ಒಬ್ಬ ರಾಜಕುಮಾರಿ ಉಪ್ಪು ಹಾಕಿದ ಶುಂಠಿ, ಮೆಣಸು, ಲಿಂಬಿ, ಮಾವು ತುಂಬಿದ ಮಾರ್ತಬಾನ್ ಜಾಡಿ ಕೊಟ್ಟಳಂತ ಆತನ ಬರದಾನ. ಉಪ್ಪಿನ ಮಾವು ಜಾಡಿಯೊಳಗ ಹಾಕೋದು ಅಷ್ಟು ಹಳೇದು ನೋಡ್ರಿ! ನಿಮ್ಮ ಜಾಡಿ ಅಷ್ಟು ಹಳೇದಂತ ನಾ ಹೇಳವಲ್ಲೆ, ಈ ನಮೂನಿ ಭಾಳ ಕಾಲ ಬದಲಾಗದ ನಡಕೊಂಡು ಬಂದದ. ಕಿವಿ ಹತ್ರದ, ತಳದ, ಒಳಮೈಯ ಫೋಟೋ ಹಾಕ್ರಿ. ಒಳಗಿನ ಬೆಲ್ಲದ ಕಲಿ ಬಿಸಿನೀರು ಹಾಕಿ ತೊಳದು ಬಿಡಬ್ಯಾಡ್ರಿ ಮೊದಲ.

ತೊಳಿಯೋದು ಕೇಳಿದ್ರಿ. ಪ್ಲಾಸ್ಟಿಕ್ ಟಬ್ಬಿನೊಳಗ ದಪ್ಪ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರಿ ಸೋಪು, ಮೆತ್ತನ ಬ್ರಷ್. ಒಂದು ಸಲಕ್ಕ ಒಂದ ಸಾಮಾನು. ಹಿಡಿಕಿ ಹಿಡದು ಎತ್ತಬ್ಯಾಡ್ರಿ, ಹಳೇ ಹಿಡಿಕಿಗೆ ನಂಬಿಕಿಲ್ಲ. ಮೈಮ್ಯಾಲೆ ಸಣ್ಣ ಗೆರಿ ಬಲೆಯಂಗ ಹಬ್ಬಿದ ತಾಟಿಗೆ ಬ್ಲೀಚಿಂಗ್ ಪುಡಿ ಹಾಕಿದ್ರ ಕಲಿ ಹೋದಂಗ ಕಾಣ್ತದ. ಆದರ ಅದು ಗೆರಿಯೊಳಗ ಇಳದು ಒಣಗಿ ಹರಳಾಗಿ ವರ್ಷ ಕಳದ ಮ್ಯಾಲೆ ಹೊಳಪ ಎಬ್ಬಸ್ತದ.

ಸ್ಟೋಕ್_ಕನ್ನಡಿಗ ಉತ್ತರಿಸಿದ್ದು

ನಾನು ಶಿವಮೊಗ್ಗದವನು, ಕೆಲಸಕ್ಕೆ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿದ್ದೇನೆ. ನಿಮ್ಮ ನೀಲಿ ತಟ್ಟೆಗಳು ಬಹುಮಟ್ಟಿಗೆ ಈ ಕಡೆಯವೇ. ಒಂದು ಕಾಲಕ್ಕೆ ಈ ಊರಿನ ತುಂಬ ಸೀಸೆಯಾಕಾರದ ಇಟ್ಟಿಗೆ ಭಟ್ಟಿಗಳಿದ್ದವು. ಲಾಂಗ್ಟನ್‌ನ ಗ್ಲ್ಯಾಡ್‌ಸ್ಟನ್ ಕುಂಬಾರಿಕೆ ಮ್ಯೂಸಿಯಂನಲ್ಲಿ ಕೆಲವನ್ನು ಉಳಿಸಿಕೊಂಡಿದ್ದಾರೆ, ಭಟ್ಟಿಯ ಒಳಗೆ ಹೋಗಿ ನಿಂತು ನೋಡಬಹುದು.

ಆ ಚಿತ್ರಕ್ಕೆ ವಿಲೋ ಮಾದರಿ ಅಂತಾರೆ. 1790ರ ಆಸುಪಾಸಿನಲ್ಲಿ ಇಲ್ಲಿನ ಕಾರ್ಖಾನೆಗಳು ಚೀನಾದ ಚಿತ್ರಗಳನ್ನು ನೋಡಿ ಕೂಡಿಸಿಕೊಂಡದ್ದು, ಸ್ಪೋಡ್ ಕಾರ್ಖಾನೆ ಅದನ್ನು ತುಂಬ ಜನಪ್ರಿಯಗೊಳಿಸಿತು. ಓಡಿಹೋಗುವ ಪ್ರೇಮಿಗಳು, ಬೆನ್ನಟ್ಟಿದ ತಂದೆ, ಕೊನೆಗೆ ಹಕ್ಕಿಗಳಾಗುವ ಜೋಡಿ, ಈ ಕಥೆಯನ್ನು ಚೀನಾದ ಜನಪದ ಕಥೆ ಅಂತ ಮಾರುವವರು ಹೇಳ್ತಾರೆ. ನಂಬಬೇಡಿ. ತಟ್ಟೆ ಮೊದಲು ಬಂತು, ಕಥೆಯನ್ನು ಆಮೇಲೆ ಇಂಗ್ಲೆಂಡಿನಲ್ಲೇ ಹೊಸೆದರು.

ಕೈಯಿಂದ ಬರೆದ ಚಿತ್ರವೂ ಅಲ್ಲ ಅದು. ತಾಮ್ರದ ಹಲಗೆಯಲ್ಲಿ ಕೊರೆದು, ಶಾಯಿ ತುಂಬಿ, ತೆಳು ಕಾಗದಕ್ಕೆ ಒತ್ತಿ, ಆ ಕಾಗದವನ್ನು ತಟ್ಟೆಗೆ ಉಜ್ಜಿ ಅಂಟಿಸುತ್ತಿದ್ದರು. ಅಂಚಿನ ಪಟ್ಟಿಯನ್ನು ಬೆರಳಿನಿಂದ ಹಿಂಬಾಲಿಸಿಕೊಂಡು ಹೋಗಿ. ಎಲ್ಲೋ ಒಂದು ಕಡೆ ವಿನ್ಯಾಸ ಸರಿಯಾಗಿ ಕೂಡದೆ ಹೆಚ್ಚುಕಡಿಮೆಯಾಗಿರುತ್ತದೆ, ಕಾಗದದ ಎರಡು ತುದಿ ಸೇರಿದ ಜಾಗ ಅದು. ಈಗಿನ ಅಗ್ಗದ ಮುದ್ರಣವಾದರೆ ಭೂತಗನ್ನಡಿಯಲ್ಲಿ ಪತ್ರಿಕೆಯ ಫೋಟೋದಲ್ಲಿ ಕಾಣುವಂಥ ಚುಕ್ಕಿಗಳು ಕಾಣುತ್ತವೆ. ತಟ್ಟೆಯ ಅಡಿಯಲ್ಲಿ ಮೂರು ಕಡೆ ಸಣ್ಣ ಗುರುತು ಇದೆಯಾ ನೋಡಿ. ಭಟ್ಟಿಯಲ್ಲಿ ತಟ್ಟೆಗಳು ಒಂದಕ್ಕೊಂದು ಅಂಟದಂತೆ ಮೂರು ಮೊನೆಯ ಮಣ್ಣಿನ ಆಸರೆ ಕೊಡುತ್ತಿದ್ದರು, ಅದರ ಗಾಯ ಅದು.

ಮುದ್ರೆಯಲ್ಲಿ ಬರೀ "ಇಂಗ್ಲೆಂಡ್" ಇದ್ದರೆ ಸಾಮಾನ್ಯವಾಗಿ 1891ರ ಈಚಿನದು, ಮೇಲಿನವರು ಹೇಳಿದ ಅದೇ ಅಮೆರಿಕದ ಕಾಯ್ದೆಯ ಫಲ. "ಮೇಡ್ ಇನ್ ಇಂಗ್ಲೆಂಡ್" ಹೆಚ್ಚಾಗಿ 20ನೇ ಶತಮಾನದ್ದು. ಮೂಲೆ ಮೇಲಾಗಿ ನಿಂತ ವಜ್ರದಾಕಾರದ ಚೌಕದೊಳಗೆ ಅಕ್ಷರ, ಅಂಕಿಗಳಿದ್ದರೆ ವಿನ್ಯಾಸ ನೋಂದಣಿಯ ಗುರುತು, ಅದು 1842ರಿಂದ 1883ರವರೆಗೆ ನಡೆಯಿತು. 1884ರಿಂದ ಅದರ ಬದಲು ನೋಂದಣಿ ಸಂಖ್ಯೆ ಬಂತು.

ಕೊಂಡಿ ಹಾಕಿದ ದೊಡ್ಡ ತಟ್ಟೆಯ ಬಗ್ಗೆ ಒಂದು ಕೋರಿಕೆ. ಆ ಕೊಂಡಿಗಳನ್ನು ತೆಗೆಸಿ ಹೊಸ ಅಂಟು ಹಾಕಿಸಬೇಡಿ. ಗಟ್ಟಿ ಅಂಟುಗಳು ಬರುವ ಮೊದಲು ಒಡೆದ ಪಿಂಗಾಣಿಯನ್ನು ಹೀಗೇ ಹೊಲಿಯುತ್ತಿದ್ದರು. ಆಚೆ ಬದಿಗೆ ತೂತು ಬೀಳದಂತೆ ಅರ್ಧ ಆಳಕ್ಕೆ ಮಾತ್ರ ಕೊರೆದು, ಕಾಯಿಸಿದ ತಂತಿಯ ಕೊಂಡಿ ಕೂರಿಸಿದರೆ ಅದು ಆರುವಾಗ ಕುಗ್ಗಿ ಎರಡು ಹೋಳನ್ನು ಬಿಗಿದು ಹಿಡಿಯುತ್ತದೆ. ಅಷ್ಟು ಕೆಲಸ ಮಾಡಿಸಿದ್ದಾರೆ ಅಂದರೆ ಆ ತಟ್ಟೆಯ ಮೇಲೆ ಮನೆಯವರಿಗೆ ಎಷ್ಟು ಅಕ್ಕರೆ ಇತ್ತು ಯೋಚಿಸಿ. ಬೆಲೆಗೆ ಅದು ಕುಂದಿರಬಹುದು, ನನ್ನ ಕಣ್ಣಿಗೆ ನಿಮ್ಮ ಪೆಟ್ಟಿಗೆಯ ಅತ್ಯುತ್ತಮ ವಸ್ತು ಅದೇ.

ತುಂಗೆಯ_ದಡ ಕೇಳಿದ್ದು

ಇದೇ ಚರ್ಚೆಯಲ್ಲಿ ಕೇಳ್ತಿದ್ದೇನೆ, ಕ್ಷಮಿಸಿ. ಹಂಪಿ ಹತ್ತಿರ ನಮ್ಮ ಸಂಬಂಧಿಕರ ಹೊಲ ಇದೆ. ಉಳುವಾಗ ನೀಲಿ-ಬಿಳಿ ಪಿಂಗಾಣಿ ಚೂರುಗಳು ಸಿಗ್ತಾವೆ. ಕೂಡಿಸಿ ಇಡಬಹುದಾ?

ವರದಾ_ತೀರ ಉತ್ತರಿಸಿದ್ದು

ಎಲ್ಲರಿಗೂ ತುಂಬ ಧನ್ಯವಾದ. ದೊಡ್ಡಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ, ಕೊಡೋದು ಬೇಡ ಅಂತ ಅವರೂ ಒಪ್ಪಿದ್ದಾರೆ. ರೈಲ್ವೆ ತಟ್ಟೆಯ ಇಸವಿ ಕೇಳಿದ ಮೇಲೆ ಅವರಿಗೇ ನೆನಪಾಯ್ತು: ಅಜ್ಜನ ಅಣ್ಣ ಅರಸೀಕೆರೆ ಕಡೆ ಹೋಟೆಲ್ ಕೆಲಸಕ್ಕೆ ಇದ್ದರಂತೆ. ಭರಣಿಗೆ ನೀರು ಹಾಕಿ ಅಳೆದೆ, ಹದಿನೆಂಟು ಲೀಟರ್ ಹಿಡೀತು! ಪೇಪರು ಒಣಗೇ ಇತ್ತು. ನೀಲಿ ತಟ್ಟೆಯ ಅಂಚಲ್ಲಿ ಕೂಡದ ಜಾಗವೂ ಸಿಕ್ಕಿತು.

ಈಗ ಉಳಿದದ್ದು ಬಟ್ಟಲು. ಚೀನೀ ಓದಲು ಬರುವ ಸಹೋದ್ಯೋಗಿ ಒಬ್ಬರಿಗೆ ಫೋಟೋ ಕಳಿಸಿದೆ. "ಮಹಾ ಮಿಂಗ್, ಚೆಂಗ್‌ಹುವಾ ಆಳ್ವಿಕೆಯಲ್ಲಿ ಮಾಡಿದ್ದು" ಅಂತ ಬರೆದಿದೆಯಂತೆ. ಹಾಗಾದರೆ ಚಿಕ್ಕಪ್ಪ ಹೇಳಿದ್ದು ನಿಜವಾ? ಅವರು ಮುಂದಿನ ತಿಂಗಳು ಹೊರಡ್ತಾರೆ. ಉಳಿದದ್ದನ್ನು ನಾನು ಬೆಂಗಳೂರಿಗೆ ಸಾಗಿಸಬೇಕು.

ಗದಗ_ರೋಡ್ ಉತ್ತರಿಸಿದ್ದು

ಹದಿನೆಂಟು ಲೀಟರ್ ಅಂತ ಓದಿ ಇಲ್ಲೆ ಮನಿಯಾಗ ಎಲ್ಲಾರಿಗೂ ಹೇಳಿದೆ. ಭಾಳ ಖುಷಿ ಆತು ತಂಗಿ.

ಬಟ್ಟಲದ್ದು ನಿಧಾನ ಕೇಳ್ರಿ. ಚೆಂಗ್‌ಹುವಾ ಚಕ್ರವರ್ತಿ ಆಳಿದ್ದು 1465ರಿಂದ 1487. ಆ ಕಾಲದ ಪಿಂಗಾಣಿ ಚೀನೀಯರಿಗ ಎಷ್ಟು ಮೆಚ್ಚು ಅಂದ್ರ, ಇನ್ನೂರು ವರ್ಷ ಕಳದ ಮ್ಯಾಲೆ ಕಾಂಗ್‌ಶಿ ಚಕ್ರವರ್ತಿ ಕಾಲದಾಗ ಪಿಂಗಾಣಿಗೆ ಹೆಸರಾದ ಜಿಂಗ್‌ಡೆಝೆನ್ ಊರಿನ ಕುಂಬಾರರು ತಾವು ಮಾಡಿದ್ದರ ತಳಕ್ಕ ಚೆಂಗ್‌ಹುವಾ ಹೆಸರ ಬರೀತಿದ್ದರು. ಆಮ್ಯಾಲೆ 19ನೇ ಶತಮಾನದಾಗ ಕಾಂಗ್‌ಶಿ ಹೆಸರ ಬರದರು. ಹಿರಿಯರ ಕೆಲಸಕ್ಕ ಕೈ ಮುಗದಂಗ ಅದು, ಎಲ್ಲಾ ಸಲ ಮೋಸ ಅಲ್ಲ. ಅದಕ್ಕ ಚೀನೀ ಬಟ್ಟಲದಾಗ ಬರದ ಹೆಸರು ಸಾಕ್ಷಿ ಆಗೂದಿಲ್ಲ. ತಳ ನೋಡ್ರಿ ಅಂತ ನಾನ ಹೇಳಿದೆ, ಇಲ್ಲೆ ಅಕ್ಷರದ ಸುತ್ತಲಿನ ತಳ ನೋಡಬೇಕು: ಬಟ್ಟಲ ನಿಲ್ಲೋ ತಳದ ಉಂಗುರ ಹೆಂಗ ಕತ್ತರಿಸ್ಯಾರ, ಹೊಳಪಿಲ್ಲದ ಕಡೆ ಮಣ್ಣಿನ ಬಣ್ಣ ಏನದ, ನೀಲಿ ಒಂದ ಸಮ ಅದನೋ ಅಥವಾ ಕುಂಚ ಎಳದಲ್ಲೆ ಗಾಢ ತಿಳಿ ಆಗೇದನೋ, ಬಳಕಿಯಿಂದ ತಳ ಸವದದ್ದು ಸಹಜ ಅದನೋ ಅಥವಾ ಉಜ್ಜಿ ಸವಿಸಿದಂಗ ಒಂದ ದಿಕ್ಕಿನ ಗೀರು ಅದನೋ. ಬಟ್ಟಲಾ ಬೆರಳ ತುದಿ ಮ್ಯಾಲೆ ಕೂಡ್ರಿಸಿ ಉಗುರಿಂದ ಬಡೀರಿ. ಉದ್ದಕ ಠಣ್ ಅಂದ್ರ ಚೊಲೋ, ಟಪ್ ಅಂದ್ರ ಬಿರುಕು. ಖೋಟಾ ನೋಟು ನೋಡೋ ನೀಲಿ ಟಾರ್ಚ್ ಕತ್ತಲಿಯಾಗ ಹಿಡೀರಿ, ಹೊಸ ಅಂಟು, ಹೊಸ ಬಣ್ಣ ಹಚ್ಚಿದ ಕಡೆ ಬ್ಯಾರೆನ ಹೊಳೀತದ. ಇವೆಲ್ಲಾ ಮಾಡಿದ್ರೂ ಕಣ್ಣಿಗೆ ರೂಢಿ ಬೇಕು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂದಾಗ ಖರೆ ಖರೆ ಚೀನೀ ಪಿಂಗಾಣಿ ಕೋಣಿ ತುಂಬ ಅದ. ಸೆಲಡಾನ್ ಅನ್ನೋ ಹಸರು ಹೊಳಪಿನ ತಾಟನೂ ನೋಡ್ರಿ, ವಿಷ ಹಾಕಿದ ಊಟ ಬಡಿಸಿದ್ರ ಅದು ಬಣ್ಣ ಬದಲಸ್ತದ ಅಂತ ನವಾಬರು ನಂಬಿದ್ದರು. ವಿಜಯಪುರದ ಗೋಲ ಗುಮ್ಮಟದ ಮುಂದಿನ ಮ್ಯೂಸಿಯಂದಾಗೂ ಚೀನೀ ಪಿಂಗಾಣಿ ಅದ, ಗುಮ್ಮಟ ನೋಡಿ ಮಂದಿ ಅದನ್ನ ನೋಡದ ಹೋಗಿಬಿಡ್ತಾರ.

ನ್ಯೂಜೆರ್ಸಿ ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾ ವಸ್ತು, ಕುಶಲಕಲೆಯ ವಸ್ತು ಖಾಸಗಿ ಮಂದಿ ದೇಶದ ಹೊರಗ ಒಯ್ಯಂಗಿಲ್ಲ. ಚಿಕ್ಕಪ್ಪಾರು ಇದು ಮಿಂಗ್ ಅಂತಾರ, ಹಂಗಿದ್ರ ಅವರ ಬಾಯಿಂದನ ಅದು ಒಯ್ಯಬಾರದ ವಸ್ತು ಆತು. ಅಷ್ಟು ಹಳೇದಲ್ಲ ಅಂದ್ರ ಭಾರತೀಯ ಪುರಾತತ್ವ ಇಲಾಖೆಗೆ ತೋರಿಸಿ, ಇದು ಪ್ರಾಚೀನ ವಸ್ತು ಅಲ್ಲ ಅನ್ನೋ ಪ್ರಮಾಣಪತ್ರ ತಗೋಬೇಕು. ಅದಿಲ್ಲದ ಸೂಟ್‌ಕೇಸಿನ್ಯಾಗ ಹಾಕೋದು ಬ್ಯಾಡ. ನಂಗ ಕೇಳಿದ್ರ ಬಟ್ಟಲ ಮನಿಯಾಗ ಇರಲಿ, ಮಗಳು ಊರಿಗೆ ಬಂದಾಗ ಅದರಾಗ ಹೂವು ಇಟ್ಟು ನೋಡಲಿ.

ಹಂಪಿ ಹೊಲದ ತಮ್ಮಾರಿಗೆ: ಕೂಡಸಬ್ಯಾಡ್ರಿ. ಹಂಪಿಯೊಳಗ ಪುರಾತತ್ವ ಇಲಾಖೆ ಅಗದಾಗ ಚೀನೀ ಪಿಂಗಾಣಿ ಚೂರು ಸಿಕ್ಕಾವ, ವಿಜಯನಗರದ ಶ್ರೀಮಂತರ ಮನಿಯಾಗ ಅವು ಬಳಕಿಯಾಗ ಇದ್ದವು. ಚೂರು ಯಾವ ಮಣ್ಣಿನ್ಯಾಗ, ಎಷ್ಟು ಆಳದಾಗ, ಯಾವುದರ ಜೋಡಿ ಸಿಕ್ತು ಅನ್ನೋದರಾಗ ಅದರ ಜೀವ ಇರ್ತದ. ಹೆಕ್ಕಿ ಡಬ್ಬಿಗೆ ಹಾಕಿದ್ರ ಅದು ಬರೀ ಚೂರು. ನೆಲದಾಗ ಹುದುಗಿ ಸಿಕ್ಕ, ಹತ್ತು ರೂಪಾಯಿಗಿಂತ ಹೆಚ್ಚು ಬಾಳೋ ವಸ್ತುವಿನ ಸುದ್ದಿ ಸರಕಾರಕ್ಕ ಕೊಡಬೇಕಂತ 1878ರ ನಿಧಿ ಕಾಯ್ದೆನ ಅದ. ಫೋಟೋ ತಗೊಂಡು ಕಮಲಾಪುರದ ಮ್ಯೂಸಿಯಂದವರಿಗೆ ಸುದ್ದಿ ಮುಟ್ಟಸ್ರಿ.

ತಂಗಿ, ಬೆಂಗಳೂರಿಗೆ ಸಾಗಸೋ ಮೊದಲ ಒಂದು ವಹಿ ಮಾಡ್ರಿ. ಪ್ರತಿ ಸಾಮಾನಿಗೆ ಒಂದು ಪುಟ: ಎತ್ತರ, ಅಗಲ, ಮುದ್ರೆ, ಫೋಟೋ, ಯಾರು ತಂದರು, ಯಾವಾಗ ಬಳಸ್ತಿದ್ದರು. ಅರಸೀಕೆರೆ ಹೋಟೆಲ್ಲಿನ ಮಾತು ದೊಡ್ಡಪ್ಪಾರ ಬಾಯಿಂದನ ಕೇಳಿ ಅವರ ಶಬ್ದದಾಗ ಬರೀರಿ, ಫೋನಿನ್ಯಾಗ ರೆಕಾರ್ಡ್ ಮಾಡ್ರಿ. ಅಂಕಿ ಹಚ್ಚೋದಾದ್ರ ಸಾಮಾನಿಗೆ ಸೆಲ್ಲ್ಯೋ ಟೇಪ್ ಅಂಟಸಬ್ಯಾಡ್ರಿ, ಚಿನ್ನ ಕಿತಗೊಂಡು ಬರ್ತದ. ಚೀಟಿ ಬರದು ಒಳಗ ಇಡ್ರಿ.

ಕಟ್ಟೋದು ಹಿಂಗ: ತಾಟುಗಳನ್ನ ಮಲಗಿಸಿ ಒಂದರ ಮ್ಯಾಲೊಂದು ಹೇರಬ್ಯಾಡ್ರಿ, ಒಂದೊಂದು ಸುತ್ತಿ ಅಂಚಿನ ಮ್ಯಾಲೆ ನಿಲ್ಲಿಸಿ ಜೋಡಸ್ರಿ, ರಸ್ತಾದ ಕುಲುಕು ಹಂಗ ತಡೀತಾವ. ಕಪ್ಪಿನ ಒಳಗೂ ಕಾಗದ ತುರಕ್ರಿ. ನ್ಯೂಸ್‌ಪೇಪರ್ ಶಾಯಿ ಗೆರಿಯೊಳಗ ಇಳೀತದ, ಅದಕ್ಕ ಮೈಗೆ ಹಳೇ ಪಂಚಿ ಸುತ್ತಿ ಹೊರಗ ಪೇಪರ್ ಹಾಕ್ರಿ. ಭರಣಿ ಮುಚ್ಚಳಾ ಬ್ಯಾರೆ ಕಟ್ಟ್ರಿ. ಕೊಂಡಿ ಹಾಕಿದ ದೊಡ್ಡ ತಾಟು ಮಾತ್ರ ಗಾಡಿ ಡಿಕ್ಕಿಯಾಗ ಬ್ಯಾಡ, ಯಾರರೆ ತೊಡಿ ಮ್ಯಾಲೆ ಇಟಗೊಂಡು ಕೂಡ್ರಲಿ. ಕಿವಿ ಜಾಡಿ ಫೋಟೋ ಮರೀಬ್ಯಾಡ್ರಿ, ಕಾಯ್ತಿರ್ತೀನಿ.